ಬಲಕ್ಕೆ ವಾಲುವ ಕುದುರೆಗೆ ಯಾವ ಹಬ್ಬ?

(ಕುದುರೆ ಮತ್ತು ದನಕರುಗಳ ಕುರಿತ ಓದುಗರ ಪ್ರಶ್ನೆಗಳಿಗೆ, ಸೇನೆಯ ರಿಮೌಂಟ್ ಮತ್ತು ವೆಟರ್ನರಿ ಕೋರ್‌ನಿಂದ ನಿವೃತ್ತರಾಗಿ ಗಂಗಾವತಿಯಲ್ಲಿ ನೆಲೆಸಿರುವ ರಿಸಾಲ್ದಾರರು ಉತ್ತರಿಸುತ್ತಾರೆ.)

ಪ್ರಶ್ನೆ: ನನ್ನ ಎರಡನೆಯ ಮಗ ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವವ) ಆಗಿದ್ದವನು, ಈಗ ಐರ್ಲೆಂಡ್‌ನ ಒಂದು ಲಾಯದಲ್ಲಿ ಕೆಲಸಕ್ಕಿದ್ದಾನೆ. ಅವನು ನೋಡಿಕೊಳ್ಳುವ ಕುದುರೆಗಳಲ್ಲಿ ಏಳು ವರ್ಷದ ಒಂದು ಕಂದು ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ) ಇದೆ. ಗವಿಸಿದ್ಧೇಶ್ವರರ ಹೆಸರಿನಲ್ಲಿ ಅದನ್ನು ‘ಗವಿ’ ಎಂದೇ ಕರೆಯುತ್ತಾನೆ. ಹೋದ ವರ್ಷ ಸಣ್ಣ ಬೇಲಿ ಹಾರುವ ಹರ್ಡಲ್ ಓಟದಲ್ಲಿ ಒಮ್ಮೆ ಗೆದ್ದಿತ್ತು. ಈ ಚಳಿಗಾಲದಲ್ಲಿ ಮೊದಲ ಬಾರಿಗೆ ದೊಡ್ಡ ಬೇಲಿಗಳನ್ನು ಹಾರುವ ಸ್ಟೀಪಲ್‌ಚೇಸ್ ಓಡುತ್ತಿದೆ. ನವೆಂಬರ್‌ನಲ್ಲಿ ಗೌರನ್ ಪಾರ್ಕ್‌ನಲ್ಲಿ ಎರಡೂವರೆ ಮೈಲಿಯ ಬಿಗಿನರ್ಸ್ ಚೇಸ್ (ಇನ್ನೂ ಚೇಸ್ ಗೆಲ್ಲದ ಕುದುರೆಗಳ ಓಟ) ಅನ್ನು ಆರು ಲೆಂತ್, ಅಂದರೆ ಆರು ಕುದುರೆಯುದ್ದದ, ಅಂತರದಲ್ಲಿ ಗೆದ್ದಿತು. ಕ್ರಿಸ್‌ಮಸ್ ವಾರದಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ಎರಡು ಮೈಲಿ ಚಿಲ್ಲರೆಯ ಓಟದಲ್ಲಿ ನಾಲ್ಕನೆಯದಾಯಿತು. ಜನವರಿಯಲ್ಲಿ ಫೇರಿಹೌಸ್‌ನ ಕೆಸರಿನಲ್ಲಿ ಮತ್ತೆ ಎರಡೂವರೆ ಮೈಲಿ ಓಡಿ ಒಂಬತ್ತು ಲೆಂತ್‌ಗಳಿಂದ ಗೆದ್ದಿತು. ಕುದುರೆಯ ಯಜಮಾನರಿಗೆ ಮಾರ್ಚ್‌ನ ಚೆಲ್ಟನ್‌ಹ್ಯಾಮ್ ರೇಸ್ ಹಬ್ಬದ ಮೇಲೆ ಕಣ್ಣು. ಟ್ರೇನರ್ ಇನ್ನೂ ಬಾಯಿ ಬಿಟ್ಟಿಲ್ಲ. ನಮ್ಮ ಹುಡುಗ ಒಂದು ತಿಂಗಳ ಸಂಬಳವನ್ನು ಅದರ ಮೇಲೆ ಕಟ್ಟುತ್ತೇನೆ ಎನ್ನುತ್ತಿದ್ದಾನೆ. ಈ ಕುದುರೆಯ ಯೋಗ್ಯತೆ ಎಷ್ಟು? ಎಲ್ಲಿ ಓಡಿಸಿದರೆ ಗೆದ್ದೀತು? ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು, ಇದೆಲ್ಲ ನನಗೆ ತಿಳಿಯದು. ಮಗ ಕಳುಹಿಸಿದ ವಿಡಿಯೊಗಳನ್ನು ನಿಮಗೆ ರವಾನಿಸಿದ್ದೇನೆ.
(ಹೆಸರು ಬೇಡ ಎಂದಿದ್ದಾರೆ, ಕಾರಟಗಿ)

ಉತ್ತರ: ಮೊದಲು ತೀರ್ಪು, ಆಮೇಲೆ ಕಾರಣ. ಚೆಲ್ಟನ್‌ಹ್ಯಾಮ್ ಬೇಡ. 2026ರ ಏಪ್ರಿಲ್ 5ರ ಈಸ್ಟರ್ ಭಾನುವಾರ ಫೇರಿಹೌಸ್‌ನಲ್ಲಿ ನಡೆಯುವ ಎರಡೂವರೆ ಮೈಲಿಯ ನೋವಿಸ್ ಗೋಲ್ಡ್ ಕಪ್ ನಿಮ್ಮ ಗವಿಗೆ ಒಪ್ಪುವ ಓಟ. (ಈ ಋತುವಿಗೆ ಮೊದಲು ಚೇಸ್ ಗೆಲ್ಲದ ಕುದುರೆಗೆ ನೋವಿಸ್ ಎನ್ನುತ್ತಾರೆ.) ಅದರ ನಂತರವೂ ಕುದುರೆ ಚುರುಕಾಗಿದ್ದು, ನೆಲ ಮೆತ್ತಗಿದ್ದರೆ ಏಪ್ರಿಲ್ ಕೊನೆಯ ಪಂಚೆಸ್‌ಟೌನ್. ಇನ್ನು ಸಂಬಳದ ಮಾತನ್ನು ಕೊನೆಗೆ ಆಡುತ್ತೇನೆ. ಕುದುರೆಯ ನಿಜವಾದ ಹೆಸರನ್ನು ನೀವು ಬರೆದಿದ್ದೀರಿ, ಅದನ್ನು ಬೇಕೆಂದೇ ಮುದ್ರಿಸುತ್ತಿಲ್ಲ. ಬಳ್ಳಾರಿಯಲ್ಲಿ ಕುಳಿತು ಐರ್ಲೆಂಡ್‌ನ ಕುದುರೆಯ ಮೇಲೆ ದುಡ್ಡು ಕಟ್ಟುವವರು ಈ ಪುಟವನ್ನೂ ಓದುತ್ತಾರೆ.

ವಿಡಿಯೊಗಳನ್ನು ಮೊಮ್ಮಗನ ಲ್ಯಾಪ್‌ಟಾಪ್‌ನಲ್ಲಿ ನಿಧಾನಗತಿಯಲ್ಲಿ ನೋಡಿದೆ. ಮೂರು ಓಟಗಳಲ್ಲಿಯೂ ಎದ್ದು ಕಾಣುವ ಸಂಗತಿ ಒಂದೇ. ದಣಿವು ಹತ್ತಿದೊಡನೆ ಈ ಕುದುರೆ ಜಿಗಿಯುವಾಗ ಬಲಕ್ಕೆ ವಾಲುತ್ತದೆ. ಗೌರನ್ ಪಾರ್ಕ್ ಮತ್ತು ಫೇರಿಹೌಸ್ ಎರಡೂ ಪ್ರದಕ್ಷಿಣಾಕಾರದ ಟ್ರ್ಯಾಕ್‌ಗಳು. ಅಲ್ಲಿ ತಿರುವು ಬಲಕ್ಕೇ ಇರುವುದರಿಂದ ಬಲಕ್ಕೆ ವಾಲಿದರೆ ನಷ್ಟವಿಲ್ಲ, ಎಷ್ಟೋ ಸಲ ಒಳದಾರಿ ಸಿಕ್ಕಿ ಲಾಭವೇ ಆಗುತ್ತದೆ. ಲೆಪರ್ಡ್ಸ್‌ಟೌನ್‌ನ ತಿರುವು ಎಡಕ್ಕೆ. ಅಲ್ಲಿ ಕೊನೆಯ ಎರಡು ಬೇಲಿಗಳಲ್ಲಿ ಅದು ಹೊರಗಡೆಗೆ ಸರಿದದ್ದನ್ನು ನೋಡಿ. ಜಾಕಿ ಎಡ ಲಗಾಮನ್ನು ಹಿಡಿದೆಳೆದು ಸರಿಪಡಿಸುವ ಹೊತ್ತಿಗೆ ಮುಂದಿನ ಮೂರು ಕುದುರೆಗಳು ದಾಟಿ ಹೋಗಿದ್ದವು. ನಾಲ್ಕನೆಯ ಸ್ಥಾನ ಬಂದದ್ದಕ್ಕೆ ನಿಮ್ಮ ಮಗ ಓಟದ ದೂರವನ್ನು ದೂರುತ್ತಾನೆ. ದೂರ ಕಡಿಮೆಯಾದದ್ದು ಅರ್ಧ ಕಾರಣ, ಎಡ ತಿರುವು ಇನ್ನರ್ಧ.

ಹೀಗೆ ವಾಲುವುದಕ್ಕೆ ಮೂರು ಮೂಲಗಳಿರುತ್ತವೆ: ನೋವು, ಅಭ್ಯಾಸ, ಮೈಕಟ್ಟು. ಒಂದು ಬದಿಯ ಹಿಂಗಾಲಿನಲ್ಲೋ ಬೆನ್ನಿನಲ್ಲೋ ನೋವಿದ್ದರೆ ಕುದುರೆ ಆ ಬದಿಯಿಂದ ಬಲವಾಗಿ ಒದ್ದು ಏಳುವುದಿಲ್ಲ. ಮೊದಲು ಅದನ್ನು ಲಾಯದ ಪಶುವೈದ್ಯರು ತಳ್ಳಿಹಾಕಬೇಕು. ಬಾಯಿಯನ್ನೂ ನೋಡಬೇಕು. ದವಡೆಯ ಹಲ್ಲಿನ ಅಂಚು ಹರಿತವಾಗಿ ಕೆನ್ನೆಗೆ ತಾಗುತ್ತಿದ್ದರೆ ಕುದುರೆ ಲಗಾಮಿನಿಂದ ತಲೆ ತಪ್ಪಿಸಲು ನೋಡುತ್ತದೆ, ಮೈಯೂ ಅದರ ಹಿಂದೆ ಹೋಗುತ್ತದೆ. ಎಲ್ಲವೂ ಸರಿಯಿದ್ದರೆ ಉಳಿಯುವುದು ಸ್ವಭಾವ. ಅದನ್ನು ಒಂದು ತಿಂಗಳಲ್ಲಿ ತಿದ್ದುತ್ತೇನೆ ಎನ್ನುವ ಟ್ರೇನರ್ ನನಗೆ ಸಿಕ್ಕಿಲ್ಲ. ಅದಕ್ಕೊಪ್ಪುವ ಟ್ರ್ಯಾಕ್ ಹುಡುಕುವವರು ಸಿಕ್ಕಿದ್ದಾರೆ, ಅವರೇ ಜಾಣರು.

ಈಗ ಚೆಲ್ಟನ್‌ಹ್ಯಾಮ್. ಇಂಗ್ಲೆಂಡ್‌ನ ಗ್ಲಾಸ್ಟರ್‌ಶೈರ್‌ನಲ್ಲಿ ಮಾರ್ಚ್ ತಿಂಗಳ ನಾಲ್ಕು ದಿನ ನಡೆಯುವ ಆ ಹಬ್ಬಕ್ಕೆ ಜಿಗಿತದ ಕುದುರೆಗಳ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು. ಟ್ರ್ಯಾಕ್ ಎಡಕ್ಕೆ ತಿರುಗುತ್ತದೆ, ಏರಿಳಿತ ಹೆಚ್ಚು, ಇಳಿಜಾರಿನಲ್ಲಿ ವೇಗವಾಗಿ ಬರುತ್ತಲೇ ಬೇಲಿ ಹಾರಬೇಕು, ಕೊನೆಗೆ ಏರು. ನೋವಿಸ್‌ಗಳಿಗೆ ಅಲ್ಲಿ ಗ್ರೇಡ್ 1, ಅಂದರೆ ಮೊದಲ ದರ್ಜೆಯ, ಚೇಸ್‌ಗಳು ಎರಡಿವೆ. ಸುಮಾರು ಎರಡು ಮೈಲಿಯ ಆರ್ಕಲ್, ಮೂರು ಮೈಲಿಯ ಬ್ರೌನ್ ಅಡ್ವೈಸರಿ. ನಡುವಿನ ಎರಡೂವರೆ ಮೈಲಿಯ ಗ್ರೇಡ್ 1 ಓಟವೊಂದಿತ್ತು, ಟರ್ನರ್ಸ್ ಎಂದು. ಗವಿಯಂಥ ಕುದುರೆಗೆ ಅದೇ ದೂರ ಬೇಕಾಗಿತ್ತು. ಅದನ್ನು 2025ರಿಂದ ನಿಲ್ಲಿಸಿ, ಅದೇ ದೂರಕ್ಕೆ ನೋವಿಸ್ ಹ್ಯಾಂಡಿಕ್ಯಾಪ್ ಒಂದನ್ನು ಇಟ್ಟಿದ್ದಾರೆ. ಹ್ಯಾಂಡಿಕ್ಯಾಪ್ ಎಂದರೆ ಚೆನ್ನಾಗಿ ಓಡಿದ ಕುದುರೆಯ ಬೆನ್ನಿನ ಮೇಲೆ ಹೆಚ್ಚು ತೂಕ. ಕೆಸರಿನಲ್ಲಿ ಒಂಬತ್ತು ಲೆಂತ್‌ಗಳಿಂದ ಗೆದ್ದವನಿಗೆ ಅಧಿಕಾರಿಗಳು ತೂಕದಲ್ಲಿ ಕನಿಕರ ತೋರಿಸುವುದಿಲ್ಲ.

ಆ ಒಂಬತ್ತು ಲೆಂತ್‌ಗಳನ್ನು ಸ್ವಲ್ಪ ಅಳೆದು ನೋಡೋಣ, ಏಕೆಂದರೆ ಯಜಮಾನರ ತಲೆ ತಿರುಗಿಸಿರುವುದು ಅದೇ ಅಂಕಿ. ನೆಲ ಭಾರವಾಗಿದ್ದಾಗ ದಣಿದ ಕುದುರೆಗಳು ಕೊನೆಯಲ್ಲಿ ಓಡುವುದಿಲ್ಲ, ನಡೆಯುತ್ತವೆ. ಅಂತರಗಳು ಉಬ್ಬುತ್ತವೆ. ವಿಡಿಯೊದಲ್ಲಿ ಎರಡನೆಯ ಕುದುರೆ ಕೊನೆಯ ಬೇಲಿಗೆ ಮೊದಲೇ ಸೋತು ನಿಂತಿತ್ತು. ನನಗೆ ಗೌರನ್‌ನ ಆರು ಲೆಂತ್‌ಗಳೇ ಹೆಚ್ಚು ಬೆಲೆಯುಳ್ಳವು, ಏಕೆಂದರೆ ಅಲ್ಲಿ ಹಿಂದೆ ಬಿದ್ದ ಕುದುರೆ ಆಮೇಲೆ ಬೇರೆ ಕಡೆ ಗೆದ್ದಿದೆ ಎಂದು ನಿಮ್ಮ ಮಗನೇ ಬರೆದಿದ್ದಾನೆ. ಗೆದ್ದ ಕುದುರೆಯ ಯೋಗ್ಯತೆ ಗೊತ್ತಾಗಬೇಕಾದರೆ ಸೋತವುಗಳು ಮುಂದೆ ಏನು ಮಾಡಿದವು ಎಂಬುದನ್ನು ಹಿಂಬಾಲಿಸಬೇಕು. ಲೆಕ್ಕ ಬರೆಯುವವರಾದ ನಿಮಗೆ ಇದು ಕಷ್ಟವಾಗದು. ನನ್ನ ಅಂದಾಜಿನಲ್ಲಿ ಗವಿ ಎರಡನೆಯ ಸಾಲಿನ ಮುಂದಿರುವ ಕುದುರೆ. ಮೊದಲ ಸಾಲಿಗೆ ಸೇರುವ ಸಾಧ್ಯತೆ ಇಲ್ಲದಿಲ್ಲ. ಆದರೆ ಅದು ಮುಂದಿನ ವರ್ಷದ ಮಾತು.

ಎರಡು ಮೈಲಿಯ ಆರ್ಕಲ್‌ನಲ್ಲಿ 13 ಬೇಲಿಗಳನ್ನು ಪೂರ್ಣ ವೇಗದಲ್ಲಿ ಹಾರಬೇಕು. ಒಂದೊಂದು ಬೇಲಿಯಲ್ಲೂ ಒಂದು ಗಜ ಬಲಕ್ಕೆ ಸರಿದರೆ, ಆ ಮಟ್ಟದ ಓಟದಲ್ಲಿ ಅದೇ ಸೋಲು. ಒಂದೇ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ 2025ರ ಓಟವೇ ಸಾಕು. ಎಲ್ಲರೂ ಗೆಲ್ಲುವುದೆಂದುಕೊಂಡಿದ್ದ ಮಾಜ್‌ಬರೋ ಕೊನೆಯಿಂದ ಎರಡನೆಯ ಬೇಲಿಯಲ್ಲಿ ಎಡವಿತು, ತಡವಾಗಿ ನುಗ್ಗಿ ಬಂದ ಜ್ಯಾಂಗೊ ಬೇ ಗೆದ್ದಿತು. ಮೂರು ಮೈಲಿಯ ಓಟವೆಂದರೆ ಗವಿ ಇದುವರೆಗೆ ಅಷ್ಟು ದೂರ ಓಡಿಯೇ ಇಲ್ಲ. ಮೊದಲ ಬಾರಿಗೆ ದೂರ ಹೆಚ್ಚಿಸುವುದು, ಮೊದಲ ಬಾರಿಗೆ ಸಮುದ್ರ ದಾಟಿಸುವುದು, ಮೊದಲ ಬಾರಿಗೆ ಆ ಏರಿಳಿತದ ಮೇಲೆ ಓಡಿಸುವುದು, ಇವೆಲ್ಲವನ್ನೂ ಒಂದೇ ಮಧ್ಯಾಹ್ನ ಮಾಡುವುದು ಸಾಹಸವಲ್ಲ, ಸಿರಿವಂತರ ಆತುರ. ಅಂದಹಾಗೆ, ಎರಡು ಮೈಲಿಯ ಆ ಓಟ ಆರ್ಕಲ್ ಎಂಬ ಮಹಾ ಕುದುರೆಯ ಹೆಸರಿನಲ್ಲಿದ್ದರೂ, ಆ ಕುದುರೆ 1963ರಲ್ಲಿ ಅದೇ ಹಬ್ಬದಲ್ಲಿ ಗೆದ್ದದ್ದು ಮೂರು ಮೈಲಿಯ ನೋವಿಸ್ ಓಟವನ್ನು. ಅದರ ಮರುವರ್ಷದಿಂದ ಸತತ ಮೂರು ಬಾರಿ ಆ ಹಬ್ಬದ ಮುಖ್ಯ ಓಟವಾದ ಗೋಲ್ಡ್ ಕಪ್ ಅದರದ್ದಾಯಿತು.

ತಿಳಿದವರು ಯಾರಾದರೂ ಡೆಸರ್ಟ್ ಆರ್ಕಿಡ್‌ನ ಹೆಸರನ್ನು ಎತ್ತಿಯೇ ಎತ್ತುತ್ತಾರೆ. ಆ ಬಿಳಿ ಕುದುರೆಗೂ ಬಲ ತಿರುವೇ ಇಷ್ಟ. ಕೆಂಪ್ಟನ್‌ನ ಬಲ ತಿರುವಿನಲ್ಲಿ ಕಿಂಗ್ ಜಾರ್ಜ್ ಓಟವನ್ನು ಒಟ್ಟು ನಾಲ್ಕು ಬಾರಿ ಗೆದ್ದ ಕುದುರೆ ಅದು. ಹಾಗಿದ್ದೂ 1989ರಲ್ಲಿ ಚೆಲ್ಟನ್‌ಹ್ಯಾಮ್‌ನ ಎಡ ತಿರುವಿನಲ್ಲಿ, ಅಸಾಧ್ಯ ಕೆಸರಿನಲ್ಲಿ ಗೋಲ್ಡ್ ಕಪ್ ಗೆದ್ದಿತು. ನಿಜ. ಆದರೆ ಆಗ ಅದಕ್ಕೆ ಹತ್ತು ವರ್ಷ, ಹಿಂದೆ ಹತ್ತಾರು ಓಟಗಳ ಅನುಭವ. ಅಷ್ಟಿದ್ದೂ ಗೆದ್ದದ್ದು ಒಂದೂವರೆ ಲೆಂತ್ ಅಂತರದಲ್ಲಿ. ಅಂಥ ಕುದುರೆಯನ್ನು ತೋರಿಸಿ ಮೂರು ಚೇಸ್ ಓಡಿದ ಕುದುರೆಯ ಭವಿಷ್ಯ ಹೇಳುವವರ ಮಾತನ್ನು ನಾನು ಕೇಳುವುದಿಲ್ಲ.

ನೆಲದ ವಿಚಾರವನ್ನು ನಿಮಗೆ ಬಿಡಿಸಿ ಹೇಳಬೇಕು, ಏಕೆಂದರೆ ಜಿಗಿತದ ಓಟದಲ್ಲಿ ಅರ್ಧ ತೀರ್ಮಾನ ಮಳೆಯದು. ಐರ್ಲೆಂಡ್‌ನ ಜನವರಿಯ ನೆಲ ಎಂದರೆ ಹಸ್ತ ಮಳೆ ಹೊಡೆದ ಮರುದಿನದ ನಮ್ಮ ಎರೆ ಹೊಲ. ಇಟ್ಟ ಕಾಲನ್ನು ಕಿತ್ತು ತೆಗೆಯಬೇಕು. ಏಪ್ರಿಲ್ ಹೊತ್ತಿಗೆ ಅದು ಮಸಾರಿ ಹೊಲದ ಹಾಗೆ ಗಟ್ಟಿಯಾಗುತ್ತ ಬರುತ್ತದೆ, ಕಾಲು ಹೂಳುವುದಿಲ್ಲ, ವೇಗ ಹೆಚ್ಚುತ್ತದೆ. ಗವಿ ಮೊಣಕಾಲನ್ನು ಮೇಲಕ್ಕೆತ್ತಿ ಹಾಕುವ ಕುದುರೆ. ಅಂಥವು ಕೆಸರಿನಲ್ಲಿ ಗೆಲ್ಲುತ್ತವೆ, ಗಟ್ಟಿ ನೆಲದಲ್ಲಿ ಒಂದು ಹೆಜ್ಜೆಗೆ ಎರಡು ಹೆಜ್ಜೆಯ ಶ್ರಮ ಪಡುತ್ತವೆ. ಅಲ್ಲಿಯವರು ನೆಲ ತೀರಾ ಒಣಗದಂತೆ ನೀರು ಹಾಯಿಸುತ್ತಾರೆ, ಹಾಗಾಗಿ ಕುದುರೆಗೆ ಅಪಾಯವಾಗುವಷ್ಟು ಗಟ್ಟಿಯಾಗುವುದಿಲ್ಲ. ಆದರೂ ಜನವರಿಯ ಗವಿಯನ್ನೇ ಏಪ್ರಿಲ್‌ನಲ್ಲಿ ನೋಡುತ್ತೇವೆ ಎಂದುಕೊಳ್ಳಬೇಡಿ. ಫೇರಿಹೌಸ್ ಓಟಕ್ಕೆ ಹೆಸರು ಕೊಟ್ಟರೂ, ಅದಕ್ಕೆ ಹಿಂದಿನ ವಾರ ಮಳೆಯೇ ಬೀಳದಿದ್ದರೆ ಹಿಂತೆಗೆದುಕೊಳ್ಳುವ ಧೈರ್ಯ ಯಜಮಾನರಿಗೆ ಇರಬೇಕು.

ಲಿವರ್‌ಪೂಲ್ ಬಳಿಯ ಏಂಟ್ರಿಯನ್ನು ಬೇಗ ಮುಗಿಸಿಬಿಡುತ್ತೇನೆ. ಗ್ರ್ಯಾಂಡ್ ನ್ಯಾಷನಲ್ ನಡೆಯುವ ಊರು ಅದು, ಏಪ್ರಿಲ್‌ನಲ್ಲಿ ಮೂರು ದಿನದ ಹಬ್ಬ. ಮ್ಯಾನಿಫೆಸ್ಟೊ ಎಂಬ ಎರಡೂವರೆ ಮೈಲಿಯ ನೋವಿಸ್ ಓಟ ಅಲ್ಲಿದೆ, ದೂರ ಸರಿಯಾಗಿದೆ. ಆದರೆ ಟ್ರ್ಯಾಕ್ ಸಮತಟ್ಟು, ತಿರುವುಗಳು ಬಿಗಿ, ಅವೂ ಎಡಕ್ಕೆ. ಗವಿಯ ಮಟ್ಟಿಗೆ ಚೆಲ್ಟನ್‌ಹ್ಯಾಮ್‌ಗಿಂತಲೂ ಕಡೆ.

ಫೇರಿಹೌಸ್ ಡಬ್ಲಿನ್‌ಗೆ ಹತ್ತಿರ, ಮೀತ್ ಕೌಂಟಿಯಲ್ಲಿದೆ. ಬಲ ತಿರುವು, ವಿಶಾಲವಾದ ಟ್ರ್ಯಾಕ್, ನಿಮ್ಮ ಕುದುರೆ ಆಗಲೇ ಗೆದ್ದಿರುವ ಜಾಗ. ಲಾರಿಯಲ್ಲಿ ಹೋಗಿ ಅದೇ ದಿನ ತನ್ನ ಲಾಯಕ್ಕೆ ಮರಳಿ ಮೇವು ತಿನ್ನಬಹುದು. ಆ ಓಟವನ್ನು ಸಣ್ಣದೆಂದು ಯಜಮಾನರು ಮೂಗು ಮುರಿದರೆ, ಗ್ಯಾಲೊಪಾನ್ ದೆ ಶಾಂ ಎಂಬ ಕುದುರೆಯ ಕಥೆಯನ್ನು ಟ್ರೇನರ್ ನೆನಪಿಸಲಿ. 2022ರ ಮಾರ್ಚ್‌ನಲ್ಲಿ ಅದು ಚೆಲ್ಟನ್‌ಹ್ಯಾಮ್‌ನ ಟರ್ನರ್ಸ್ ಓಟದಲ್ಲಿ ಎಲ್ಲರನ್ನೂ ಬಹುದೂರ ಹಿಂದೆ ಬಿಟ್ಟು ಬಂದು, ಕಟ್ಟಕಡೆಯ ಬೇಲಿಯಲ್ಲಿ ಬಿತ್ತು. ಸರಿಯಾಗಿ ಒಂದು ತಿಂಗಳಿಗೆ ಫೇರಿಹೌಸ್‌ನ ಇದೇ ಓಟವನ್ನು 18 ಲೆಂತ್‌ಗಳಿಂದ ಗೆದ್ದಿತು. 2023 ಮತ್ತು 2024ರಲ್ಲಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಕೂಡ ಅದರದ್ದೇ. ಗವಿ ಅಂಥ ಕುದುರೆ ಎಂದು ನಾನು ಹೇಳುತ್ತಿಲ್ಲ. ಅಂಥ ಕುದುರೆಯೂ ಇಳಿದು ಓಡಿದ ಓಟ ಅದು ಎನ್ನುತ್ತಿದ್ದೇನೆ.

ಈ ವರ್ಷದ ದಿನಾಂಕವೂ ಗಮನಿಸುವಂಥದ್ದು. ಈಸ್ಟರ್ ನಮ್ಮ ಯುಗಾದಿಯ ಹಾಗೆ ಚಂದ್ರನನ್ನು ನೋಡಿಕೊಂಡು ಸರಿಯುವ ಹಬ್ಬ. 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿತ್ತು, ಈ ಸಲ ಏಪ್ರಿಲ್ 5ಕ್ಕೆ. ಅಂದರೆ ಚೆಲ್ಟನ್‌ಹ್ಯಾಮ್‌ಗೂ ಫೇರಿಹೌಸ್‌ಗೂ ನಡುವೆ ಮೂರೂವರೆ ವಾರದ ಅಂತರ. ಬೇಲಿ ಹಾರಿ ಬಂದ ಕುದುರೆಯ ಮೈ ಸುಧಾರಿಸಲು ಅಷ್ಟು ಸಾಕೆಂದು ಕೆಲವರು ಎರಡನ್ನೂ ಓಡಿಸುತ್ತಾರೆ. ಇಂಗ್ಲೆಂಡ್‌ಗೆ ಹಡಗಿನಲ್ಲಿ ಹೋಗಿ, ಏರು ಹತ್ತಿ ಓಡಿ, ತೂಕ ಇಳಿಸಿಕೊಂಡು ಬಂದ ನೋವಿಸ್ ಕುದುರೆಗೆ ನಾನು ಆರು ವಾರ ಕೊಡುತ್ತಿದ್ದೆ.

ಮರುದಿನ ಸೋಮವಾರ ಅಲ್ಲಿಯೇ ಐರಿಷ್ ಗ್ರ್ಯಾಂಡ್ ನ್ಯಾಷನಲ್ ನಡೆಯುತ್ತದೆ, 1870ರಿಂದ ನಡೆದು ಬಂದ ಓಟ, ಮೂರು ಮೈಲಿ ಐದು ಫರ್ಲಾಂಗ್. ಯಜಮಾನರಿಗೆ ಆ ಆಸೆ ಹುಟ್ಟಿದರೂ ನನಗೆ ಆಶ್ಚರ್ಯವಿಲ್ಲ. 2023ರಲ್ಲಿ ಐ ಆ್ಯಮ್ ಮ್ಯಾಕ್ಸಿಮಸ್, 2025ರಲ್ಲಿ ಹೈಟಿ ಕೂಲರ್ಸ್, ಎರಡೂ ನೋವಿಸ್ ಆಗಿದ್ದಾಗಲೇ ಅದನ್ನು ಗೆದ್ದವು. ಹೈಟಿ ಕೂಲರ್ಸ್ ಆದರೋ ಅದಕ್ಕೂ ಮೊದಲು ಚೆಲ್ಟನ್‌ಹ್ಯಾಮ್‌ನಲ್ಲಿ ಮೂರು ಮುಕ್ಕಾಲು ಮೈಲಿಯ ನ್ಯಾಷನಲ್ ಹಂಟ್ ಚೇಸ್ ಗೆದ್ದು ತನ್ನ ದಮ್ಮು ತೋರಿಸಿತ್ತು. ಎರಡೂವರೆ ಮೈಲಿ ದಾಟದ ಗವಿಯನ್ನು ಅಲ್ಲಿಗೆ ಇಳಿಸುವುದು ತಪ್ಪು. ಮುಂದಿನ ವರ್ಷ ಮೂರು ಮೈಲಿ ಓಡಿಸಿ ನೋಡಿ, ಆಮೇಲೆ ಮಾತಾಡೋಣ.

ಪಂಚೆಸ್‌ಟೌನ್ ಕಿಲ್ಡೇರ್ ಕೌಂಟಿಯಲ್ಲಿದೆ. ಐದು ದಿನದ ಹಬ್ಬ, ಐರ್ಲೆಂಡ್‌ನ ಜಿಗಿತದ ಋತುವಿನ ಕೊನೆ. ಬಲ ತಿರುವು. ನೋವಿಸ್‌ಗಳಿಗೆ ಎರಡು ಮೈಲಿಯದೂ ಇದೆ, ಮೂರು ಮೈಲಿಯದೂ ಇದೆ. ಫೇರಿಹೌಸ್‌ನಲ್ಲಿ ಕೊನೆಯ ಬೇಲಿಯ ನಂತರವೂ ಗವಿ ಮುಂದಕ್ಕೆ ಎಳೆಯುತ್ತಿದ್ದರೆ ಮೂರು ಮೈಲಿಯ ಪರೀಕ್ಷೆಗೆ ಅದು ಒಳ್ಳೆಯ ಜಾಗ. ಎಳೆಯದಿದ್ದರೆ ಹುಲ್ಲುಗಾವಲಿಗೆ ಬಿಡಲಿ.

ನಿಮ್ಮ ಮಗನಿಗೂ ಯಜಮಾನರಿಗೂ ಒಂದೇ ಭಯವಿರಬೇಕು. ನೋವಿಸ್ ಎಂಬ ಅರ್ಹತೆ ಒಂದು ಋತುವಿನದು, ಚೇಸ್ ಗೆದ್ದ ಕುದುರೆ ಮುಂದಿನ ಋತುವಿನಲ್ಲಿ ಅನುಭವಿಗಳ ಜೊತೆಗೇ ಓಡಬೇಕು, ಈಗ ಹೋಗದಿದ್ದರೆ ಇನ್ನೆಂದೂ ಇಲ್ಲ ಎಂದು. 2001ರಲ್ಲಿ ಬೆಸ್ಟ್ ಮೇಟ್ ಎಂಬ ನೋವಿಸ್‌ನ ಯಜಮಾನರಿಗೂ ಹೀಗೇ ಅನಿಸಿದ್ದೀತು. ಆ ವರ್ಷ ಬ್ರಿಟನ್‌ನಲ್ಲಿ ಕಾಲುಬಾಯಿ ಬೇನೆ ಹಬ್ಬಿತು. ಆ ಬೇನೆ ಕುದುರೆಗೆ ಬರುವುದಿಲ್ಲ, ಆದರೆ ಗೊರಸಿನಲ್ಲಿ, ಲಾರಿಯ ಚಕ್ರದಲ್ಲಿ, ಮನುಷ್ಯರ ಬೂಟಿನಲ್ಲಿ ರೋಗಾಣು ಊರಿಂದೂರಿಗೆ ಹೋಗುತ್ತದೆ. ಚೆಲ್ಟನ್‌ಹ್ಯಾಮ್ ಹಬ್ಬವನ್ನು ಮೊದಲು ಮುಂದೂಡಿದರು, ಕೊನೆಗೆ ರದ್ದು ಮಾಡಿದರು. ನೋವಿಸ್ ಓಟ ತಪ್ಪಿಸಿಕೊಂಡ ಬೆಸ್ಟ್ ಮೇಟ್ 2002, 2003, 2004ರಲ್ಲಿ ಸಾಲಾಗಿ ಗೋಲ್ಡ್ ಕಪ್ ಗೆದ್ದಿತು. (ನಮ್ಮ ಓದುಗರಲ್ಲಿ ದನ ಸಾಕುವವರೇ ಹೆಚ್ಚು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ. ಪಶು ಆಸ್ಪತ್ರೆಯವರು ಊರಿಗೆ ಬಂದ ದಿನ ಎಮ್ಮೆಯನ್ನು ಹೊಲಕ್ಕೆ ಹೊಡೆದುಕೊಂಡು ಹೋಗಬೇಡಿ.)

ಇಷ್ಟಾಗಿಯೂ ತೀರ್ಮಾನ ನಿಮ್ಮ ಮಗನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಟ್ರೇನರ್‌ಗೂ ಇಲ್ಲದ ತಿಳಿವಳಿಕೆ. ಬೆಳಗಿನ ಜಾವ ಲಾಯದ ಬಾಗಿಲು ತೆರೆದಾಗ ಮೇವಿನ ತೊಟ್ಟಿ ಖಾಲಿಯಿದೆಯೋ, ಅರ್ಧ ಉಳಿದಿದೆಯೋ ಅವನಿಗೆ ಮೊದಲು ಗೊತ್ತು. ಓಟದ ನಂತರ ಮೇವು ಬಿಟ್ಟ ಕುದುರೆ ಎಷ್ಟನೆಯ ದಿನ ಮತ್ತೆ ತೊಟ್ಟಿ ನೆಕ್ಕಿತು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಮುಂಗಾಲಿನ ಹಿಂಬದಿಯ ನರವನ್ನು, ಅಂದರೆ ಮೊಣಕಾಲಿನಿಂದ ಕೆಳಗಿಳಿಯುವ ಸ್ನಾಯುರಜ್ಜುವನ್ನು, ಕೆಲಸಕ್ಕೆ ತೆಗೆಯುವ ಮೊದಲು ಅಂಗೈ ಹೊರಳಿಸಿ ಬೆರಳ ಹಿಂಭಾಗದಿಂದ ಸವರಿ ನೋಡಲಿ. ಒಂದು ಕಾಲಿನಲ್ಲಿ ಇನ್ನೊಂದಕ್ಕಿಂತ ಬಿಸಿ ಹೆಚ್ಚಿದ್ದರೆ ಅದು ಊತಕ್ಕೂ ಕುಂಟುವುದಕ್ಕೂ ಮೊದಲೇ ಬರುವ ಸುದ್ದಿ. ಜಿಗಿತದ ಕುದುರೆಗಳ ಬಾಳು ಮುಗಿಯುವುದು ಹೆಚ್ಚಾಗಿ ಅಲ್ಲಿಯೇ. 137 ಸೆಂಟಿಮೀಟರ್ ಎತ್ತರದ ಬೇಲಿಯನ್ನು, ಜಾಕಿ ಮತ್ತು ಜೀನು ಸೇರಿ 70 ಕಿಲೊ ದಾಟುವ ಭಾರ ಹೊತ್ತು ಹಾರಿದ ಮೇಲೆ, ನೆಲಕ್ಕೆ ಮೊದಲು ತಾಗುವುದು ಒಂದೇ ಮುಂಗಾಲು. ಬಲಕ್ಕೆ ವಾಲುವುದು ಹೆಚ್ಚಾಗಿದೆಯೇ, ಹಿಂದಕ್ಕೆ ಸರಿಯುವಾಗ ಬೆನ್ನು ಬಿಗಿಯುತ್ತದೆಯೇ, ಇದನ್ನೆಲ್ಲ ಟ್ರೇನರ್ ಕೇಳುವ ತನಕ ಕಾಯದೆ ಅವನೇ ಹೇಳಬೇಕು. ಹೊರದೇಶದಲ್ಲಿ ನಮ್ಮ ಹುಡುಗರು ಬಾಯಿ ಮುಚ್ಚಿಕೊಂಡು ದುಡಿಯುತ್ತಾರೆ ಎಂಬ ಹೆಸರಿದೆ. ಕುದುರೆಯ ವಿಷಯದಲ್ಲಿ ಅದು ಒಳ್ಳೆಯ ಹೆಸರಲ್ಲ.

ಸಂಬಳ ಕಟ್ಟುವ ಮಾತು: ಬೇಡ. ಕುದುರೆಯನ್ನು ನೋಡಿಕೊಳ್ಳುವವನು ಅದರ ಮೇಲೆ ದುಡ್ಡು ಕಟ್ಟಿದ ದಿನದಿಂದ ಅದರ ಕಾಲಿನ ಬಿಸಿ ಅವನ ಬೆರಳಿಗೆ ತಿಳಿಯುವುದಿಲ್ಲ. ಅಲ್ಲಿ ಓಟಕ್ಕೆ ಮೊದಲು ಚೆನ್ನಾಗಿ ಮಾಲೀಸು ಮಾಡಿ, ಬಾಲ ಜಡೆ ಒಪ್ಪ ಮಾಡಿ ತಂದ ಕುದುರೆಯ ಸೈಸ್‌ಗೆ ಬಹುಮಾನ ಕೊಡುವ ಪದ್ಧತಿಯಿದೆ. ಅದನ್ನು ಗೆಲ್ಲಲು ನೋಡಲಿ, ಆ ದುಡ್ಡನ್ನು ನಿಮಗೆ ಕಳುಹಿಸಲಿ.

ಪ್ರಶ್ನೆ: ನಾನು ಪದವಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಕಾಲೇಜಿನಲ್ಲಿ 3,000 ಮೀಟರ್ ಸ್ಟೀಪಲ್‌ಚೇಸ್ ಓಡಲು ಹೇಳುತ್ತಿದ್ದಾರೆ. ಇದು ಕುದುರೆಗಳ ಓಟದ ಹೆಸರಲ್ಲವೇ? ನಮಗೂ ಅದಕ್ಕೂ ಏನು ಸಂಬಂಧ? ನಾನು ಈ ಓಟಕ್ಕೆ ಸೇರಬಹುದೇ?
(ವಿದ್ಯಾರ್ಥಿನಿ, ಸಂಡೂರು)

ಉತ್ತರ: ಸಂಬಂಧವಿದೆ, ಮಗಳೇ. 1752ರಲ್ಲಿ ಐರ್ಲೆಂಡ್‌ನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂಥ ಕಟ್ಟಿ, ಬಟವೆಂಟ್ ಎಂಬ ಊರಿನ ಚರ್ಚ್‌ನಿಂದ ಡೊನೆರೈಲ್‌ನ ಚರ್ಚ್‌ವರೆಗೆ ಹೊಲ, ಗೋಡೆ, ಹಳ್ಳ ಏನು ಅಡ್ಡ ಬಂದರೂ ಹಾರುತ್ತ ಕುದುರೆ ಓಡಿಸಿದರಂತೆ. ದೂರದಿಂದ ಕಾಣುತ್ತಿದ್ದ ಚರ್ಚ್‌ನ ಗೋಪುರವೇ ಅವರಿಗೆ ಗುರಿ. ಇಂಗ್ಲೆಂಡ್‌ನ ವಿದ್ಯಾರ್ಥಿಗಳು ಮುಂದೆ ಅದನ್ನೇ ಕುದುರೆಯಿಲ್ಲದೆ ತಮ್ಮ ಕಾಲಿನಿಂದಲೇ ಓಡಿದರು. ನೀನು ಹಾರಬೇಕಾದ 28 ಅಡ್ಡಗಂಬಗಳು ಆ ಗೋಡೆಗಳು, ಏಳು ನೀರಿನ ಹೊಂಡಗಳು ಆ ಹಳ್ಳಗಳು. ಮಹಿಳೆಯರಿಗೆ ಅಡ್ಡಗಂಬದ ಎತ್ತರ 76.2 ಸೆಂಟಿಮೀಟರ್. ತಗುಲಿದರೆ ಹರ್ಡಲ್‌ನ ಹಾಗೆ ಬೀಳುವುದಿಲ್ಲ, ನೀನು ಬೀಳುತ್ತೀಯೆ.

ನಾನು ಕುದುರೆಯವನು, ಓಟದ ಕೋಚ್ ಅಲ್ಲ. ಒಂದು ಮಾತನ್ನಷ್ಟೇ ಹೇಳಬಲ್ಲೆ. ಮೇಲಿನ ಉತ್ತರದ ಗವಿಯ ದೋಷ ನಿನಗೆ ಅಂಟದಿರಲಿ. ಒಂದೇ ಕಾಲಿನಿಂದ ಜಿಗಿಯುವ ಅಭ್ಯಾಸವಾದರೆ ಪ್ರತಿ ಅಡ್ಡಗಂಬದ ಮುಂದೆ ಹೆಜ್ಜೆ ಕುಲುಕಬೇಕಾಗುತ್ತದೆ. ಎರಡೂ ಕಾಲಿನಿಂದ ಜಿಗಿಯಲು ಈಗಲೇ ಕಲಿತುಕೋ. ಅವಿನಾಶ್ ಸಾಬ್ಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 8 ನಿಮಿಷ 9.91 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದ ಓಟದ ವಿಡಿಯೊ ನೋಡು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಪಾರುಲ್ ಚೌಧರಿ ನೀರಿನ ಹೊಂಡ ದಾಟುವುದನ್ನು ಅದಕ್ಕಿಂತ ಹೆಚ್ಚು ಸಲ ನೋಡು. ತೋರಣಗಲ್ಲು ನಿಮ್ಮ ಪಕ್ಕದಲ್ಲೇ ಇದೆ. ಅಲ್ಲಿಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಅಥ್ಲೆಟಿಕ್ಸ್ ತರಬೇತಿಯಿದೆ. ನಿಮ್ಮ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕರೆದುಕೊಂಡು ಒಮ್ಮೆ ಹೋಗಿ ವಿಚಾರಿಸು.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಜಿಗಿತದ ಓಟವನ್ನು ಹೊಗಳುತ್ತೀರಿ. ಕುದುರೆಗಳು ಬಿದ್ದು ಸಾಯುವುದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. ಇದು ಹಿಂಸೆಯಲ್ಲವೇ?
(ಶಾಲಾ ಶಿಕ್ಷಕರು, ಮಾನ್ವಿ)

ಉತ್ತರ: ಸಾಯುತ್ತವೆ ಮೇಷ್ಟ್ರೇ, ಅದನ್ನು ಅಲ್ಲಗಳೆಯುವ ಕುದುರೆಯವನನ್ನು ನಂಬಬೇಡಿ. ಸುಧಾರಣೆ ಆಗುತ್ತಿರುವುದೂ ನಿಜ. 2024ರಿಂದ ಏಂಟ್ರಿಯ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓಡುವ ಕುದುರೆಗಳನ್ನು 40ರಿಂದ 34ಕ್ಕೆ ಇಳಿಸಿದರು, ಶುರುವಿನಲ್ಲಿ ವೇಗ ಏರದಂತೆ ಮೊದಲ ಬೇಲಿಯನ್ನು ಹತ್ತಿರಕ್ಕೆ ತಂದರು. ನನಗೆ ಇಷ್ಟವಾದದ್ದು ಬಣ್ಣದ ಬದಲಾವಣೆ. ಬ್ರಿಟನ್‌ನ ಬೇಲಿಗಳ ಬುಡದಲ್ಲಿ ಕುದುರೆಗೆ ಗುರುತಾಗಿ ಕಿತ್ತಳೆ ಬಣ್ಣದ ಹಲಗೆ ಇಡುತ್ತಿದ್ದರು. ಕುದುರೆಯ ಕಣ್ಣಿಗೆ ಕಿತ್ತಳೆಯೂ ಹುಲ್ಲಿನ ಹಸಿರೂ ಹೆಚ್ಚುಕಡಿಮೆ ಒಂದೇ. ಮನುಷ್ಯರ ಕಣ್ಣಿಗೆ ಚೆಂದ ಕಂಡದ್ದನ್ನು ಕುದುರೆಗೂ ಕಾಣುತ್ತದೆ ಎಂದುಕೊಂಡಿದ್ದರು. ಪರೀಕ್ಷೆ ಮಾಡಿ ನೋಡಿ, ಈಗ ಬಿಳಿ ಬಣ್ಣ ಹಚ್ಚಿದ್ದಾರೆ. ಅಷ್ಟರಿಂದ ನಿಮ್ಮ ಪ್ರಶ್ನೆಗೆ ಉತ್ತರವಾಯಿತೆಂದು ನಾನು ಹೇಳಲಾರೆ. ದಣಿದ ಕುದುರೆಯನ್ನು ಕೊನೆಯ ಬೇಲಿಗೆ ಹೊಡೆದುಕೊಂಡು ಹೋಗುವ ಜಾಕಿ ನನಗೂ ಸಹ್ಯವಲ್ಲ. ಸೋತ ಕುದುರೆಯನ್ನು ನಿಲ್ಲಿಸಿ ನಡೆಸಿಕೊಂಡು ಬರುವ ಜಾಕಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅದೂ ತಪ್ಪೇ.

ಪ್ರಶ್ನೆ: ಚೆಲ್ಟನ್‌ಹ್ಯಾಮ್‌ನಲ್ಲಿ ಈ ಸಲ ಖಂಡಿತ ಗೆಲ್ಲುವ ಒಂದು ಕುದುರೆಯ ಹೆಸರು ಹೇಳಿ.
(ಅಭಿಮಾನಿ, ಬಳ್ಳಾರಿ)

ಉತ್ತರ: ಖಂಡಿತ ಗೆಲ್ಲುವ ಕುದುರೆ ಗೊತ್ತಿದ್ದವನು ಗಂಗಾವತಿಯಲ್ಲಿ ಪೆನ್ಷನ್ ಎಣಿಸುತ್ತ ಕೂರುವುದಿಲ್ಲ.

ಪ್ರಶ್ನೆ: ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡುವ ಹೆಣ್ಣು ಕುದುರೆ ಸಾಕಿದ್ದೇನೆ. ಬ್ಯಾಂಡ್‌ಗೆ, ಪಟಾಕಿಗೆ ಹೆದರುವುದಿಲ್ಲ. ಆದರೆ ಚರಂಡಿಯ ಕಬ್ಬಿಣದ ಜಾಲರಿ, ರಸ್ತೆಯ ಬಿಳಿ ಪಟ್ಟಿ ಕಂಡರೆ ನಿಂತುಬಿಡುತ್ತದೆ, ಇಲ್ಲವೇ ಹಾರುತ್ತದೆ. ಹೋದ ತಿಂಗಳು ಮದುಮಗ ಬೀಳುವುದರಲ್ಲಿದ್ದ.
(ಕುದುರೆ ಮಾಲೀಕ, ಕಂಪ್ಲಿ)

ಉತ್ತರ: ನಿಮ್ಮ ಕುದುರೆಗೆ ಹಟವಿಲ್ಲ, ಅನುಮಾನವಿದೆ. ಕುದುರೆಯ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನದೆಲ್ಲ ಕಾಣುತ್ತದೆ, ಹಣೆಯ ಎದುರಿಗೆ ತೀರ ಹತ್ತಿರ ಇರುವುದು ಕಾಣುವುದಿಲ್ಲ. ನೆಲದ ಮೇಲಿನ ಬಿಳಿ ಪಟ್ಟಿ ಗುಂಡಿಯೋ ಗೋಡೆಯೋ ತಿಳಿಯದೆ ಅದು ತಲೆ ತಗ್ಗಿಸಿ ನೋಡಲು ಬಯಸುತ್ತದೆ. ನೀವು ಮೆರವಣಿಗೆಯ ಚೆಂದಕ್ಕೆಂದು ಲಗಾಮು ಬಿಗಿದು ತಲೆಯನ್ನು ಮೇಲಕ್ಕೆ ಕಟ್ಟಿರುತ್ತೀರಿ. ನೋಡಲಾಗದ್ದನ್ನು ಅದು ಹಾರುತ್ತದೆ. ಅಲಂಕಾರಕ್ಕೆ ಕಣ್ಣಿನ ಪಕ್ಕ ಕಟ್ಟುವ ಕನ್ನಡಿ ಪಟ್ಟಿಗಳನ್ನೂ ಬಿಚ್ಚಿ.

ಮನೆಯ ಅಂಗಳದಲ್ಲಿ ಸುಣ್ಣದಿಂದ ಒಂದು ಪಟ್ಟಿ ಎಳೆಯಿರಿ, ಹಳೆಯ ಗೋಣಿತಾಟು ಒಂದು ಹಾಸಿ. ತಲೆ ಸಡಿಲ ಬಿಟ್ಟು, ಮೇವಿಗೆ ಮೊದಲು ಅದರ ಮೇಲೆ ನಡೆಸಿ, ದಾಟಿದ ಮೇಲೆ ಆಚೆ ಬದಿಯಲ್ಲಿ ಹುರುಳಿ ಕೊಡಿ. ಹೊಡೆಯಬೇಡಿ, ಹೊಡೆದರೆ ಪಟ್ಟಿಗೂ ಏಟಿಗೂ ನಂಟು ಕಟ್ಟಿಕೊಳ್ಳುತ್ತದೆ. ಆಮೇಲೆ ತಗಡಿನ ಹಾಳೆ, ಆಮೇಲೆ ನಿಜವಾದ ಜಾಲರಿ. ಆದರೆ ಲಾಳ ಹೊಡೆದ ಗೊರಸು ಕಬ್ಬಿಣದ ಮೇಲೆ ಜಾರುತ್ತದೆ, ಮದುಮಗನನ್ನು ಹೊತ್ತಾಗ ಜಾಲರಿ ತಪ್ಪಿಸಿ ನಡೆಸುವುದೇ ಸರಿ. ಇಷ್ಟಾದರೂ ಒಂದೇ ಬದಿಯಿಂದ ಬೆಚ್ಚುತ್ತಿದ್ದರೆ ಆ ಬದಿಯ ಕಣ್ಣಿನಲ್ಲಿ ಹೂವು ಬಿದ್ದಿರಬಹುದು. ಹಗಲು ಬೆಳಕಿನಲ್ಲಿ ಎರಡೂ ಕಣ್ಣಿನ ಫೋಟೊ ತೆಗೆದು ಕಳುಹಿಸಿ. ಅಲ್ಲಿಯವರೆಗೆ ಮದುವೆಯ ಬಾಡಿಗೆ ಹಿಡಿಯಬೇಡಿ.